ಹುಬ್ಬಳ್ಳಿಯಲ್ಲಿ ಇಳಿದ ಸೋದರತ್ತೆ

ಆನವಟ್ಟಿ
ಶ್ರಾವಣ ಸೋಮವಾರ, 4-8-2025

ಶಿಕಾರಿಪುರದ ಬೀಗಿತ್ತಿ ಹಾಲಮ್ಮನವರಿಗೆ ನೀಲಾಂಬಿಕ ಮಾಡುವ ಶರಣು ಶರಣಾರ್ಥಿ.

ನಾವೆಲ್ಲ ಕ್ಷೇಮ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನಿನಲ್ಲಿ ಮಾತಾಡಿದರೆ ಜಗಳವಾಡಿದ ಹಾಗೆ ಕೇಳುತ್ತದೆ ಎಂದು ಮಗ ರಾಜಕುಮಾರ ಹೇಳುತ್ತಾನೆ. ಅದಕ್ಕೇ ಬರೆಯಲು ಕುಳಿತೆ.

ಗುರುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಮಗಳು ಸಂಘಮಿತ್ರಾಳನ್ನು ಕರೆದುಕೊಂಡು ಹೈದರಾಬಾದಿನಿಂದ ವಿಮಾನದಲ್ಲಿ ಬಂದೆನಲ್ಲ, ಆ ದಿನದ ಅವಸ್ಥೆ ನಿಮಗೆ ಪೂರ್ತಿ ಗೊತ್ತಿಲ್ಲ. ಶಿವಮೊಗ್ಗದ ಮೇಲೆ ಸುತ್ತು ಹಾಕಿದರು. ಮೋಡದಲ್ಲಿ ನೆಲ ಕಾಣಲಿಲ್ಲ. ಹುಬ್ಬಳ್ಳಿಗೆ ಒಯ್ದು ಇಳಿಸಿದರು. ಶಿವಮೊಗ್ಗದ ಮೇಲೆ ಬಾಯಿಗೆ ಹಾಕಿಕೊಂಡ ಏಲಕ್ಕಿ ಹುಬ್ಬಳ್ಳಿಯಲ್ಲಿ ಇಳಿಯುವಾಗಲೂ ಬಾಯಲ್ಲೇ ಇತ್ತು. ಇಷ್ಟೇ ದೂರವಾದರೆ ಚಿಂತೆ ಯಾಕೆ ಎಂದುಕೊಂಡೆ. ಆದರೆ ಶಿವಮೊಗ್ಗದ ನಿಲ್ದಾಣದಲ್ಲಿ ಕಾಯುತ್ತಿದ್ದ ರಾಜಕುಮಾರ, ತಾನು ರಸ್ತೆಯಲ್ಲಿ ಬಂದು ಮುಟ್ಟಲು ನಾಲ್ಕು ತಾಸು ಬೇಕು, ಅಲ್ಲಿಂದ ಶಿಕಾರಿಪುರಕ್ಕೆ ಹೋಗುವಾಗ ಕತ್ತಲಾಗುತ್ತದೆ ಎಂದ. ದೀಪ ಹಚ್ಚುವ ಮೊದಲು ಮಗು ತೊಟ್ಟಿಲಲ್ಲಿರಬೇಕು. ಅದರ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಹುಬ್ಬಳ್ಳಿಯಲ್ಲಿ ಅಳುತ್ತ ನಿಂತಿದ್ದಾಳೆ. ನಾನು ಅವಳನ್ನು ಗದರಿದೆ. ಹೊರಗಿದ್ದ ಬಾಡಿಗೆ ಗಾಡಿಗಳನ್ನೆಲ್ಲ ನಮಗಿಂತ ಮೊದಲು ಇಳಿದವರು ಹಿಡಿದಿದ್ದರು, ನನಗೂ ಬೇರೆ ದಾರಿ ತೋಚಿರಲಿಲ್ಲ.

ಆಗ ಗಾಡಿಯವನೊಬ್ಬ ಎದುರಿಗೆ ಬಂದು, "ಶಿಕಾರಿಪುರಕ್ಕ ಹೊಂಟೀನ್ರಿ ಅಮ್ಮಾರೇ, ಗಾಡಿ ಖಾಲಿ ಐತಿ" ಎಂದ. ಹೆಸರು ಸದಾಶಿವಪ್ಪ. ಯಾರನ್ನೋ ಬಿಡಲು ಬಂದವನಂತೆ. ಬಾಡಿಗೆಗೆ ಚೌಕಾಸಿ ಮಾಡಿದೆ. ನಾನು ಹೇಳಿದಷ್ಟಕ್ಕೇ ತಲೆಯಾಡಿಸಿದ. ಅಂಥ ಗಾಡಿಯವನನ್ನು ನಾನು ಈವರೆಗೆ ಕಂಡಿಲ್ಲ.

ನಾವು ಬರುವುದು ತಡವಾಯಿತೆಂದು ನಿಮ್ಮ ನೆಂಟರು ಬೇರೆ ಯಾರಾದರೂ ಹೆಸರು ಹೇಳಲಿ ಎಂದು ಅವಸರ ಮಾಡಿದರಂತೆ. ನೀವು ತೊಟ್ಟಿಲಿಗೆ ಅಡ್ಡವಾಗಿ ಕುಳಿತು, "ಆನವಟ್ಟಿಯೋರು ಬರೋತನಕ ಯಾರೂ ತೊಟ್ಟಿಲು ಮುಟ್ಟಬ್ಯಾಡ್ರಿ" ಎಂದಿರಂತೆ. ಸೊಸೆ ಚೈತ್ರಶ್ರೀ ಹೇಳಿದಳು. ಸಂಘಮಿತ್ರಾ ಬಗ್ಗಿ 'ಧನ್ಯಾ' ಎಂದಾಗ ಮಗು ಸೀನಿತು, ನೀವು ನಕ್ಕಿರಿ. ನಾನೂ ನಕ್ಕೆ. ನೀವು ನೋಡಲಿಲ್ಲ.

ನಮ್ಮ ಮಕ್ಕಳ ಮದುವೆಯ ದಿನ ನೀವು ಕಳಿಸಿದ ಗಾಡಿ ತಡವಾಗಿ ನಮ್ಮ ದಿಬ್ಬಣ ಬಿಸಿಲಲ್ಲಿ ಕಾದಿತ್ತು. ನಿಮ್ಮ ಗಾಡಿ ಇನ್ನು ಹತ್ತುವುದಿಲ್ಲ ಎಂದು ಛತ್ರದಲ್ಲಿ ಎಲ್ಲರೆದುರು ಹೇಳಿದ್ದೆ. ತಡವಾದದ್ದು ತಡವೇ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಆದರೆ ನಮಗಾಗಿ ತೊಟ್ಟಿಲು ಕಾದದ್ದೂ ಕಾದದ್ದೇ. ಇರುವಷ್ಟು ದಿನ ಅದನ್ನು ಮರೆಯುವವಳಲ್ಲ.

ಬಾಣಂತಿಯ ಕಿವಿಗೆ ಗಾಳಿ ತಾಗದಿರಲಿ. ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಇತಿ ನಿಮ್ಮ ಬೀಗಿತ್ತಿ,
ನೀಲಾಂಬಿಕ

ತಾ.ಕ.: ಹಾವೇರಿ ದಾಟಿದ ಮೇಲೆ ಸದಾಶಿವಪ್ಪ, ತನ್ನ ಹೆಂಡತಿ ಕಟ್ಟಿದ ಬುತ್ತಿ ಎಂದು ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟ. ಪಲ್ಯದಲ್ಲಿ ಹುಣಸೆ ಇರಲಿಲ್ಲ, ನಿಂಬೆ ಹಿಂಡಿತ್ತು. ನನಗೆ ಹುಣಸೆ ಆಗುವುದಿಲ್ಲವೆಂದು ಮದುವೆಯ ಊಟದಲ್ಲಿ ಗಮನಿಸಿದವರು ನೀವೊಬ್ಬರೇ. ಬೆಳಗ್ಗೆಯೇ ಮೋಡ ನೋಡಿ ಹುಬ್ಬಳ್ಳಿಗೂ ಒಂದು ಗಾಡಿ ಕಳಿಸಿದವರು ಯಾರು, ನಾನು ಕುಳಿತದ್ದು ಯಾರ ಗಾಡಿಯಲ್ಲಿ ಎಂದು ಮೊದಲ ತುತ್ತಿಗೇ ತಿಳಿಯಿತು. ಗಾಡಿ ನಿಲ್ಲಿಸು ಎನ್ನಲಿಲ್ಲ. ಇನ್ನೊಂದು ರೊಟ್ಟಿ ಕೇಳಿದೆ.