ಬಿಟ್ಟುಬರುವ ನಡಿಗೆ

ಅರಭಾವಿ, ಭಾನುವಾರ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ಮಗಳು ಪಾಠ ಮಾಡುವ ಕಾಲೇಜಿನ ವಸತಿಗೃಹದಲ್ಲಿ ಮಾತಿಗೆ ಯಾರೂ ಇಲ್ಲ, ಮಂಡ್ಯಕ್ಕೆ ಮರಳುವೆನೆಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಆ ಮಾತನ್ನು ಸದ್ಯಕ್ಕೆ ಹಿಂತೆಗೆದುಕೊಂಡಿದ್ದೇನೆ. ಈಗ ಸಂಜೆಯಾದರೆ ಪಕ್ಕದ ಓಣಿಯ ಹೆಂಗಸರು ಗೇಟಿನ ಮುಂದೆ ನಿಂತು, "ಅಕ್ಕಾರ, ವಾಕಿಂಗ್ ಮಾಡಾಕ ಬರ್ರಿ" ಎಂದು ಕರೆಯುತ್ತಾರೆ. "ವಾಕಿಂಗ್ ಮಾಡುವುದಲ್ಲ, ನಡೆಯುವುದು ಎನ್ನಿ" ಎಂದು ಮೊದಲ ದಿನವೇ ತಿದ್ದಿದೆ. ಅವರಲ್ಲಿ ಹಿರಿಯರಾದ ಅಲ್ಲವ್ವ, "ನಾವು ಬರೋದು ಮಾತಾಡಾಕ್ರಿ ಅಕ್ಕಾರ, ಕಾಲು ತಾವಾಗೇ ಬರ್ತಾವು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕಬ್ಬಿನ ಹೊಲಗಳ ನಡುವೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತೇವೆ. ವಿಚಿತ್ರವೆಂದರೆ ಈ ನಡಿಗೆ ಮುಗಿಯುವುದೇ ಇಲ್ಲ. ನಿನ್ನೆ ಅವರೆಲ್ಲ ನನ್ನನ್ನು ಮನೆಗೆ ಬಿಡಲು ಬಂದರು. ಅವರನ್ನು ಬಿಡಲು ನಾನು ಅಲ್ಲವ್ವನ ಬಾಗಿಲಿನವರೆಗೆ ಹೋದೆ. ನಾನೊಬ್ಬಳೇ ಮರಳಬಾರದೆಂದು ಅವರು ಮತ್ತೆ ನನ್ನೊಡನೆ ಹೊರಟರು! ಚಿಕ್ಕಂದಿನಲ್ಲಿ ಮಂಡ್ಯದ ನಾಲೆಯ ಸೇತುವೆಯ ಆಚೆ ನಿಮ್ಮ ಮನೆ, ಈಚೆ ನಮ್ಮದು. ನಾವಿಬ್ಬರೂ ಹೀಗೆಯೇ ಒಬ್ಬರನ್ನೊಬ್ಬರು ಬಿಟ್ಟುಬರುತ್ತ ಕತ್ತಲಾಗಿ, ನಿನ್ನಮ್ಮ, ನನ್ನ ಚಿಕ್ಕಮ್ಮ, ಲಾಟೀನು ಹಿಡಿದು ಬಂದು ಗದರಿಸುತ್ತಿದ್ದುದು ನಿನಗೆ ನೆನಪಿದೆಯೆ?

ಮೊಣಕಾಲಿನ ನೋವು ತಗ್ಗಿದೆ. ನನ್ನ ಕ್ಯಾನ್ವಾಸ್ ಬೂಟುಗಳು ಮಂಡ್ಯದಲ್ಲಿಯೇ ಉಳಿದಿವೆ. ಅಂಚೆಯಲ್ಲಿ ಕಳುಹಿಸಬೇಡ, ನೀನೇ ತಂದುಕೊಡು. ನೀನು ಹಿಂದಿರುಗುವಾಗ ಬಿಡಲು ನಾನು ಗೋಕಾಕದವರೆಗೆ ಬರುತ್ತೇನೆ. ಅಲ್ಲಿಂದ ನನ್ನನ್ನು ಬಿಡಲು ನೀನು ಅರಭಾವಿಗೆ ಬರಬೇಕಾಗುತ್ತದೆ.

ಗೇಟಿನಿಂದ ಕೂಗು ಬಂತು, ಹೊರಟೆ.

ನಿನ್ನ ಅಕ್ಕ