ಕೆಂಪು ಕೋಟಿನ ಅಡಿಯಲ್ಲಿ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಭಾರ ಎತ್ತಬೇಡ ಅಂದರೆ ಕೇಳುವವಳಲ್ಲ ನೀನು. ಅಮ್ಮ ಆರಾಮಾಗಿದ್ದಾಳೆ. ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ, ನಾನು ಬಂದೆನೆಂದು ಹೆಜ್ಜೆ ಸದ್ದಿನಲ್ಲೇ ತಿಳಿದುಕೊಳ್ಳುತ್ತಾಳೆ.

ನನ್ನ ಸೀಸದ ಸೈನಿಕರ ಹುಚ್ಚು ನಿನಗೆ ಗೊತ್ತೇ ಇದೆ. ಮೇಜಿನ ಮೇಲೆ ಹಳೆಯ ಕಾಲದ ಯುದ್ಧ ಹೂಡಿ, ದಾಳ ಉರುಳಿಸಿ ಆಡುವ ನಮ್ಮ ಆಟಕ್ಕೆ ಇನ್ನೊಂದು ದಂಡು ಬೇಕಿತ್ತು. ಅಪ್ಪನ ಜೊತೆ ಸೈನ್ಯದಲ್ಲಿದ್ದ ಡ್ರೈವರ್ ಮಾಮ ಹೋದ ತಿಂಗಳು ತೀರಿಕೊಂಡರಲ್ಲ, ಅವರಿಗೂ ಇದೇ ಹುಚ್ಚಿತ್ತಂತೆ. ಅವರ ಹೆಂಡತಿ ಒಂದು ಪೆಟ್ಟಿಗೆ ಕೊಟ್ಟು, “ತಗೊಂಡು ಹೋಗಪ್ಪಾ, ಇವು ಮನೇಲಿದ್ರೆ ಯಾರೋ ನೋಡ್ತಾ ಇದ್ದ ಹಾಗಾಗುತ್ತೆ” ಅಂದರು. ನಾನು ನಕ್ಕುಬಿಟ್ಟೆ.

ಕೆಂಪು ಕೋಟಿನ ಪುರಾತನ ಸಿಪಾಯಿಗಳು. ಬಣ್ಣವೋ ಗಾರೆಯಷ್ಟು ದಪ್ಪ. ಹೊಸದಾಗಿ ಬಳಿಯೋಣವೆಂದು ಬೋಗುಣಿಯ ಸೋಪಿನ ನೀರಿನಲ್ಲಿ ನೆನೆಹಾಕಿದೆ. ಮಧ್ಯಾಹ್ನ ಹಳೆ ಬ್ರಷ್ಷಿನಿಂದ ಉಜ್ಜಿದರೆ ಕೆಂಪೆಲ್ಲ ಸಿಪ್ಪೆಯಂತೆ ಸುಲಿದು ಬಂತು, ಮೇಣದಲ್ಲಿ ಮೆತ್ತಿದ್ದ ಎತ್ತರದ ಟೋಪಿಗಳೂ ಉದುರಿದವು. ಅಡಿಯಲ್ಲಿ ಬರಿ ಸೀಸವಿರಲಿಲ್ಲ ಅಕ್ಕಾ. ಅಪ್ಪನ ಪಡೆಯ ಖಾಕಿ ಬಣ್ಣವಿತ್ತು. ಒಬ್ಬೊಬ್ಬನಿಗೂ ಬೇರೆ ಬೇರೆ ಮುಖ. ಅಂಗಡಿಯಿಂದ ಭೂತಗನ್ನಡಿ ತಂದು ಹಿಡಿದೆ. ಒಂದು, ಡ್ರೈವರ್ ಮಾಮನ ಸೊಟ್ಟ ಮೂಗು. ಇನ್ನೊಂದರ ಎಡಹುಬ್ಬಿನಲ್ಲಿ ಬಿಳಿ ಮಚ್ಚೆ. ಫೋಟೋದಲ್ಲಿ ಮಾತ್ರ ನೋಡಿದ್ದ ಅಪ್ಪ ನನ್ನ ಬೆರಳ ತುದಿಯಲ್ಲಿ ನಿಂತು ನೀರು ಸುರಿಸುತ್ತಿದ್ದರು.

ಪೆಟ್ಟಿಗೆಯ ತಳದ ಹಲಗೆಯಲ್ಲಿ ತೂತುಗಳಿವೆ. ಸೈನಿಕರ ಕಾಲಡಿಯ ಮೊಳೆ ತನ್ನ ತೂತು ಬಿಟ್ಟು ಬೇರೆಯದರಲ್ಲಿ ಕೂರುವುದಿಲ್ಲ. ಒಬ್ಬೊಬ್ಬರನ್ನಾಗಿ ನಿಲ್ಲಿಸಿದೆ. ಎಲ್ಲರೂ ಒಂದೇ ಸಾಲು, ಡ್ರೈವರ್ ಮಾಮನೂ ಅಲ್ಲೇ. ಅಪ್ಪನ ಜಾಗ ಮಾತ್ರ ಎದುರಿಗೆ. ಕೋವಿಗಳೆಲ್ಲ ಅಪ್ಪನತ್ತ. “ಶತ್ರುವಿನ ಗುಂಡು ತಾಗ್ತು, ನನ್ನ ತೊಡೆ ಮೇಲೇ ಜೀವ ಬಿಟ್ಟ” ಅಂತ ನಮ್ಮ ಬಾಗಿಲಲ್ಲಿ ನಿಂತು ಅತ್ತವರು ಇದೇ ಮಾಮ ಅಲ್ಲವೇ? ನಾನಾಗ ತೊಟ್ಟಿಲಲ್ಲಿದ್ದೆ, ನಿನಗೆ ಬುದ್ಧಿ ತಿಳಿದಿತ್ತು. ನೆನಪಿದ್ದಷ್ಟು ಬರಿ.

ಭಾವನಿಗೆ ನಮಸ್ಕಾರ, ಪುಟ್ಟಿಗೊಂದು ಮುತ್ತು. ನೀನು ಜೋಪಾನ.

ನಿನ್ನ ಮೊದ್ದು ತಮ್ಮ

ಲಕೋಟೆ ಅಂಟಿಸುವ ಮುಂಚೆ ಇದೊಂದು: ಗೊಂಬೆಯಲ್ಲಿ ಅಪ್ಪನ ಕೈಗಳನ್ನು ಮೊದಲೇ ಯಾರೋ ಹಿಂದಕ್ಕೆಳೆದು ದಾರದಿಂದ ಕಟ್ಟಿದ್ದಾರೆ. ಅಮ್ಮನಿಗೆ ನಾನು ಏನೂ ಹೇಳಿಲ್ಲ, ಆಣೆಗೂ. ಈಗ ನೋಡಿದರೆ ಹಲಗೆಯ ಮುಂದೆ ಕೂತು ತಡವುತ್ತಿದ್ದಾಳೆ. ಅಷ್ಟು ಜನರಲ್ಲಿ ಒಬ್ಬರನ್ನೇ ಕಿತ್ತು ಅಂಗೈಯಲ್ಲಿಟ್ಟುಕೊಂಡು, “ಇವರ ಕೈ ಬಿಚ್ಚೋ, ಇನ್ನೂ ಎಷ್ಟು ವರ್ಷ ಕಟ್ಟಿಡ್ತೀರಾ” ಅಂದಳು. ಗೊಂಬೆಗೆ ಯಾರಾದರೂ ‘ಇವರು’ ಅನ್ನುತ್ತಾರಾ ಅಕ್ಕಾ? ಪತ್ರ ಬರೆಯಬೇಡ. ಸಿಕ್ಕಿದ ಬಸ್ಸು ಹತ್ತಿ ಬಾ.