ಗೋಣಿತಟ್ಟಿನೊಳಗಿನ ಫೋನು

ಜೂನ್ 9, ಸೋಮವಾರ. ಸಂಜೆ 6.20

ಡ್ಯೂಟಿ ಮುಗಿಯಿತು. ಹಾವೇರಿ ಟ್ರಿಪ್ ಮೂರು, ನಿಂತು ನಿಂತು ಮೊಣಕಾಲು ಹೋಗಿವೆ. ಟಿಕೆಟ್ ಮಷಿನ್ ಡಿಪೋದಲ್ಲಿ ಕೊಟ್ಟು, ಕಾಯಿಪಲ್ಲೆ ತೆಗೆದುಕೊಂಡು ಮನೆಗೆ. ಚಪ್ಪಲಿ ಬಿಡುವ ಮೊದಲೇ ದೇವರ ಗೂಡಿನಲ್ಲಿದ್ದ ಹಳೇ ಫೋನು ತೆಗೆದು ಕೆನ್ನೆಗೆ ಹಿಡಿದೆ. ದಿನದ ಕೆಲಸ ಇದು.

ಬಿಸಿ.

ಸಮತಾಳನ್ನು ಕರೆದೆ. ನೆಟ್ ಹಚ್ಚಿದ್ದೆಯಾ? ಇಲ್ಲ ಎಂದಳು. ಒಂಬತ್ತು ವರ್ಷಕ್ಕೇ ಎಷ್ಟು ಸಲೀಸಾದ ಸುಳ್ಳು! ಒಂದು ಬಿಟ್ಟೆ. ಕೆನ್ನೆಯ ಮೇಲೆ ನಾಲ್ಕೂ ಬೆರಳು ಮೂಡಿದವು. ಆಮೇಲೆ ಒಪ್ಪಿದಳು, ಮೆಹಂದಿ ಡಿಸೈನ್ ನೋಡುತ್ತಿದ್ದಳಂತೆ. ಆ ಫೋನು ಇಟ್ಟಿರುವುದು ಶಾಲೆಯಿಂದ ಬಂದೆ ಎಂದು ನನಗೆ ತಿಳಿಸಲಿಕ್ಕೆ, ಮೆಹಂದಿಗಲ್ಲ.

ಇವರು ರಾಣೆಬೆನ್ನೂರಿನ ಮಿಲ್ಲಿನಲ್ಲಿ, ಭಾನುವಾರಕ್ಕೊಮ್ಮೆ ಹಾನಗಲ್ಲಿಗೆ ಬರುವವರು. ಮಗಳನ್ನು ನೀನೇ ನೋಡಿಕೋ ಎನ್ನುತ್ತಾರೆ. ನೋಡಿಕೊಳ್ಳುತ್ತಿದ್ದೇನಲ್ಲ.

ಜೂನ್ 11, ಬುಧವಾರ

ರಜೆ. ಬಟ್ಟೆ ಒಗೆಯುವಾಗ ನನ್ನ ಮೀನಖಂಡದ ಹಳೇ ಗುರುತು ಕಂಡಿತು. ಅಕ್ಕಿಕಾಳಿನಷ್ಟು. ಚಾರ್ಜರ್ ಪಿನ್ನಿನದು.

ಸವಣೂರಿನ ಮನೆ, 2010. ಅಪ್ಪ ಕರಬಸಪ್ಪ, ವೀಳ್ಯದೆಲೆ ವ್ಯಾಪಾರ. ಮನೆಗೆಲ್ಲ ಒಂದೇ ಚೈನಾ ಸೆಟ್. ಕರೆ ಬಂದರೆ ಎತ್ತಬಹುದು, ನಾವಾಗಿ ಮಾಡಬಾರದು. ನಡುವಿನ ಬಟನ್ ಮಾತ್ರ ಮುಟ್ಟಲೇಬಾರದು, ಮುಟ್ಟಿದರೆ ನೆಟ್ ತೆರೆಯುತ್ತಿತ್ತು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಹಿಡಿಯುತ್ತಿದ್ದ! ಎಲೆ ಪೆಂಡಿಯೊಳಗೆ ಕೈ ತೂರಿಸಿ, ಬಿಸಿಯಾಗಿದ್ದರೆ ಕೊಳೆಯುತ್ತಿದೆ ಎಂದು ಕಂಡುಹಿಡಿಯುವ ಮನುಷ್ಯ. ಫೋನನ್ನೂ ಹಾಗೆಯೇ ನೋಡುತ್ತಿದ್ದ, ಕೆನ್ನೆಗೆ ಹಿಡಿದು.

"ಬಿಸಿ ಆತಂದ್ರ ಒಳಗ ಕೊಳ್ಯಾಕತ್ತೈತಿ ಅಂತ ತಿಳೀರಿ. ಎಲಿನೂ ಅಷ್ಟ, ಮಕ್ಕಳೂ ಅಷ್ಟ."

ಯಾವುದರಿಂದ ತಪ್ಪಾಯಿತೋ ಅದರಿಂದಲೇ ಏಟು — ಅದು ಅವನ ಕಾನೂನು. ಬೆಲ್ಲ ಕದ್ದರೆ ಬೆಲ್ಲ ಕುಟ್ಟುವ ಕಲ್ಲು ಬೆರಳಿಗೆ. ಫೋನಿಗೆ ಚಾರ್ಜರ್ ವೈರು. ವೈರು ಬೆತ್ತದ ಹಾಗಲ್ಲ, ಸುತ್ತಿಕೊಳ್ಳುತ್ತದೆ. ಪಿನ್ನು ಎಲ್ಲಿ ಬೀಳುತ್ತದೆ ಎಂದು ಹೊಡೆಯುವವನಿಗೂ ಗೊತ್ತಿರುವುದಿಲ್ಲ.

ಉಪಾಯ ತೆಗೆದವನು ಅಣ್ಣ ಫಕ್ಕೀರೇಶ. ಎಲೆ ತಂಪಾಗಿರಲಿ ಎಂದು ಪೆಂಡಿಗಳ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿರುತ್ತಿತ್ತು. ನೆಟ್ ನೋಡಿದ ಮೇಲೆ ಫೋನನ್ನು ಅದರೊಳಗೆ ಸುತ್ತಿ ಎರಡು ನಿಮಿಷ ಇಟ್ಟರೆ ತಣ್ಣಗೆ. ತಟ್ಟನ್ನು ಮಾತ್ರ ಎರಡು ಸಲ ಹಿಂಡಲೇಬೇಕು. ಅದು ಅಣ್ಣನ ಕಾನೂನು.

ಜೂನ್ 14, ಶನಿವಾರ

ಅಣ್ಣ ಬಂದಿದ್ದ. ಹಾನಗಲ್ಲಿನ ಅಂಗಡಿಗಳಿಗೆ ಎಲೆ ಹಾಕಿ, ನಮ್ಮಲ್ಲಿ ಊಟಕ್ಕೆ. ಎಂದಿನಂತೆ ಬಲಗಡೆ ಗೋಡೆ ಬರುವ ಹಾಗೆ ಕುಳಿತ. ಆ ಕಡೆಯ ಕಿವಿ ಕೇಳಿಸುವುದಿಲ್ಲ, ಹದಿನೈದು ವರ್ಷವಾಯಿತು.

ಡ್ಯೂಟಿಯಿಂದ ಬಂದವಳು ಗೂಡಿಗೆ ಕೈ ಹಾಕಿದೆ, ಫೋನು ಕೆನ್ನೆಗೆ ಹಿಡಿದೆ. ಅಣ್ಣ ನಕ್ಕ. ಥೇಟು ಅಪ್ಪನೇ ಎಂದ. ಅಪ್ಪ ಹೋಗಿ ಮೂರು ವರ್ಷ... ನಗು ಬರಲಿಲ್ಲ ನನಗೆ. ಅಣ್ಣ ಸಮತಾಳಿಗೆ ಗೋಣಿತಟ್ಟಿನ ಕಥೆ ಪೂರ್ತಿ ಹೇಳಿದ, ಅಭಿನಯ ಸಮೇತ. ಅವಳು ಬಿದ್ದು ಬಿದ್ದು ನಕ್ಕಳು.

ಕಡೆಗೆ ತನ್ನ ಬಲಗಿವಿ ಹಿಡಿದು ತೋರಿಸಿದ. "ಎರಡು ಸಲ ಹಿಂಡಬೇಕವಾ. ನಾ ಅವತ್ತ ಒಮ್ಮೆ ಹಿಂಡಿದ್ದೆ ಕಾಣತೈತಿ. ನೀರು ಹೊಕ್ಕು ಸೆಟ್ ಸತ್ತು ಹೋತು. ಕಿವಿನೂ ಹೋತು."

ತಟ್ಟೆಯಲ್ಲಿ ಮುಖ ಹಾಕಿಕೊಂಡು ಉಂಡೆ.

ಜೂನ್ 15, ಭಾನುವಾರ

ಇವರು ಉಂಡು ಮಲಗಿದ್ದಾರೆ. ಬರೆದುಬಿಡುತ್ತೇನೆ. ಯಾರೂ ಓದುವುದಿಲ್ಲವಲ್ಲ.

ಅವತ್ತು ಮಧ್ಯಾಹ್ನ ಅಣ್ಣ ಫೋನು ನೋಡಿದ್ದು ನಿಜ, ತಟ್ಟಿನಲ್ಲಿಟ್ಟಿದ್ದೂ ನಿಜ. ಎರಡು ಸಲ ಹಿಂಡಿಯೇ ಇಟ್ಟಿದ್ದ, ನಾನೇ ನೋಡಿದ್ದೆ. ತೆಗೆದು ಗೂಡಿನಲ್ಲಿಟ್ಟು ಹೊರಗೆ ಹೋದ. ಫೋನು ಸರಿಯಾಗಿತ್ತು. ಆಮೇಲೆ ನಾನು ತೆಗೆದೆ. ಎಲ್ಲೋ ಹಿಮ ಬೀಳುವ ಒಂದು ವಿಡಿಯೋ. ಒಂದು ನಿಮಿಷದ್ದು, ಬರಲು ಅರ್ಧ ತಾಸು. ಅಷ್ಟರಲ್ಲಿ ಅಪ್ಪನ ಲೂನಾ ಗಾಡಿಯ ಸಪ್ಪಳ. ಅವ್ವ ಆಗಷ್ಟೇ ತಟ್ಟಿಗೆ ನೀರು ಸುರಿದಿದ್ದಳು. ಹಿಂಡಲಿಲ್ಲ. ಹಾಗೇ ತುರುಕಿದೆ.

ಅಪ್ಪ ಗೂಡು ನೋಡಿದ, ಇಲ್ಲ. ಪೆಂಡಿ ತೆಗೆಯುವಾಗ ಕೈಗೆ ಸಿಕ್ಕಿತು. ನೀರು ಸೋರುತ್ತಿತ್ತು. ಯಾರು ಎಂದ. ಬಾಗಿಲಲ್ಲಿ ಬಂದು ನಿಂತಿದ್ದ ಅಣ್ಣ ನಾನೇ ಎಂದ. ತಾನು ಗೂಡಿನಲ್ಲಿಡಲು ಮರೆತೆ ಎಂದುಕೊಂಡಿರಬೇಕು.

ಮೊದಲು ವೈರು. ಬೆನ್ನು, ತೊಡೆ, ಕೈ ಅಡ್ಡ ತಂದಾಗ ಕೈ. ಅಂಗಿ ಹರಿಯಿತು. ಅಣ್ಣ ಕೂಗದಿದ್ದುದಕ್ಕೇ ಅಪ್ಪನ ಸಿಟ್ಟು ಏರಿತು. ವೈರು ಒಗೆದು, ಜುಟ್ಟು ಹಿಡಿದು, ಬಲಗಿವಿಗೆ ಅಂಗೈಯಿಂದ ಬಾರಿಸಿದ. ಒಂದು. ಎರಡು. ಮೂರನೆಯದಕ್ಕೆ ಅಣ್ಣ ಎಲೆಯ ರಾಶಿಯ ಮೇಲೆ ಬಿದ್ದ. ಕಿವಿಯಿಂದ ರಕ್ತ ಇಳಿದು ಎಲೆಗೆ ಬಿತ್ತು. ಅವ್ವ ಹಾಲವ್ವ ಹಿಟ್ಟಿನ ಕೈಯಲ್ಲೇ ಅಡ್ಡ ಬಂದು ತಾನೂ ಎರಡು ತಿಂದಳು.

ನಾನು ಪೆಂಡಿ ಕಟ್ಟುತ್ತಿದ್ದೆ. ನಿಲ್ಲಿಸಲಿಲ್ಲ. ಬಾಳೆನಾರು ಸುತ್ತಿ, ಗಂಟು ಹಾಕಿ, ಇನ್ನೊಂದು ತೆಗೆದುಕೊಂಡೆ. ರಕ್ತ ಬಿದ್ದ ಎಲೆಗಳನ್ನು ಆರಿಸಿ ತೆಗೆದವಳೂ ನಾನೇ.

ಎರಡು ವರ್ಷದ ಮೇಲೆ ಅಣ್ಣ ಮಿಲಿಟರಿ ಭರ್ತಿಗೆ ಹೋದ. ಓಟದಲ್ಲಿ ಎರಡನೆಯವನು. ಮೆಡಿಕಲ್ಲಿನಲ್ಲಿ ಕಿವಿ ನೋಡಿ ವಾಪಸ್ ಕಳಿಸಿದರು. ಬಂದು ಅಪ್ಪನ ಪಕ್ಕದಲ್ಲೇ ಎಲೆ ಕಟ್ಟಲು ಕುಳಿತ. ಅವತ್ತೂ ನಾನು ಬಾಯಿ ಬಿಡಲಿಲ್ಲ. ಹೇಡಿ ನಾನು.

ಜೂನ್ 24, ಮಂಗಳವಾರ. ಸಂಜೆ

ಬರೆಯಲೇಬೇಕು.

ಫೋನು ತಣ್ಣಗಿತ್ತು. ತೀರಾ ತಣ್ಣಗೆ. ಸೆಕೆಯಲ್ಲಿ ಯಾವ ಫೋನೂ ಹಾಗಿರುವುದಿಲ್ಲ. ಮೂಸಿದೆ. ಒದ್ದೆ ಬಟ್ಟೆಯ ವಾಸನೆ. ನೀರಿನ ಕೊಡದ ಹಿಂದೆ ನೋಡಿದರೆ ಟವೆಲ್, ಹಿಂಡಿ ಮಡಿಚಿಟ್ಟದ್ದು. ಸಮತಾ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಎಷ್ಟು ಹೊಡೆದೆನೋ. ವೈರು ಯಾವಾಗ ಕೈಗೆ ಬಂತೋ. ಕಾಲಿಗೆ, ಬೆನ್ನಿಗೆ. ಅವಳು ಮೂಲೆಗೆ ಸರಿದಳು, ನಾನೂ ಸರಿದೆ. "ಯಾರು ಕಲಿಸಿದ್ರು, ಯಾರು ಕಲಿಸಿದ್ರು" ಎಂದು ಕೇಳುತ್ತಲೇ ಹೊಡೆದೆ. ಗೊತ್ತಿದ್ದೂ ಕೇಳಿದೆ. ಅವಳು ಮಾಮಾನ ಹೆಸರು ಹೇಳಲಿಲ್ಲ. ಕೂಗಲೂ ಇಲ್ಲ. ಅದೇ ನನ್ನ ತಲೆಗೆ ಏರಿದ್ದು. ವೈರು ಒಗೆದೆ. ಜುಟ್ಟು ಹಿಡಿದೆ. ಎಡಗಿವಿಗೆ —

ಒಂದೇ. ಎರಡನೆಯದಕ್ಕೆ ಪಕ್ಕದ ಮನೆಯ ಅಖ್ತರುನ್ನೀಸಾ ಚಾಚಿ ಬಂದು ಕೈ ಹಿಡಿದಳು. "ಬಿಡು ಸವಿತಾ, ಸಾಯತೈತಿ ಕೂಸು."

ಜೂನ್ 25, ಬುಧವಾರ

ಹಾವೇರಿಗೆ ಕರೆದುಕೊಂಡು ಹೋಗಿದ್ದೆ, ಕಿವಿ ಡಾಕ್ಟರ ಹತ್ತಿರ. ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಮತಾ, ನಲ್ಲಿ ಹತ್ತಿರ ಜಾರಿ ಬಿದ್ದೆ ಎಂದಳು. ಮೊದಲಿನಷ್ಟೇ ಸಲೀಸಾಗಿ. ಡಾಕ್ಟರು ಅವಳ ಕಾಲಿನ ಬಾಸುಂಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಳಗೆ ಬಾತಿದೆಯಂತೆ. ಎಷ್ಟು ಕೇಳಿಸುತ್ತದೋ ಹದಿನೈದು ದಿನ ಬಿಟ್ಟು ನೋಡೋಣ ಎಂದರು.

ಬಸ್ಸಿನಲ್ಲಿ ಅವಳ ಎಡಗಡೆ ಕುಳಿತು ಮೆಲ್ಲಗೆ ಹೆಸರು ಕರೆದೆ. ತಿರುಗಲಿಲ್ಲ. ಕೇಳಿಸಲಿಲ್ಲವೋ, ತಿರುಗಲು ಮನಸ್ಸಿರಲಿಲ್ಲವೋ.

ಜೂನ್ 29, ಭಾನುವಾರ. ಮಧ್ಯಾಹ್ನ

ಇವರಿಗೆ ಮಿಲ್ಲಿನಲ್ಲಿ ಓವರ್‌ಟೈಮ್, ಈ ವಾರ ಬಂದಿಲ್ಲ. ಚಾಚಿ ಅಣ್ಣನಿಗೆ ಫೋನ್ ಮಾಡಿ ಹೇಳಿದ್ದಾಳೆ. ಅಣ್ಣ ಬೆಳಿಗ್ಗೆಯೇ ಬಂದ. ನನ್ನ ಜೊತೆ ಮಾತಿಲ್ಲ. ಸಮತಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡ, ನೋವಿನ ಕಿವಿ ಮೇಲೆ ಬರುವ ಹಾಗೆ. ಬಾಸುಂಡೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಸಮಾಧಾನ ಹೇಳತೊಡಗಿದ.

"ಅವ್ವನ ಮ್ಯಾಲೆ ಸಿಟ್ಟ ಆಗಬ್ಯಾಡ. ನನಗೂ ಅಪ್ಪ ಸುಮ್‌ಸುಮ್ನ ಹೊಡೀಲಿಲ್ಲ. ತಪ್ಪ ನಂದ ಇತ್ತು."

ಸಮತಾ ಹೂಂ ಎಂದಳು. ನಂದೂ ತಪ್ಪೇ ಎಂದಳು.

ತಡೆಯಲಾಗಲಿಲ್ಲ. ಹೋಗಿ ಅಣ್ಣನ ಪಕ್ಕ ಕುಳಿತೆ, ಬಲಗಡೆ. ಬೇಕೆಂದೇ ಆ ಕಡೆ. ಅವತ್ತು ತಟ್ಟು ಹಿಂಡದೆ ಇಟ್ಟವಳು ನಾನು ಎಂದೆ. ಪಿಸುಮಾತು. ಅಣ್ಣ ಎಣ್ಣೆ ಹಚ್ಚುತ್ತಲೇ ಇದ್ದ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ್ದು. ಹೇಳಿಬಿಟ್ಟೆ ಎಂದುಕೊಂಡು ಎದ್ದು ಹೋಗಬಹುದಿತ್ತು.

ಸಮತಾ ತಲೆ ಎತ್ತಿದಳು. ಅವಳ ಒಳ್ಳೆಯ ಕಿವಿ ಮಾಮಾನ ತೊಡೆಗೆ ಒತ್ತಿಕೊಂಡಿತ್ತು. ಮೇಲಿದ್ದುದು ನಾನು ಹೊಡೆದ ಕಿವಿ.

"ಮಾಮಾ, ತಟ್ಟು ಹಿಂಡದಾಕಿ ತಾನ ಅಂತ, ಅವ್ವ ಹೇಳಾಕತ್ತಾಳ."

ಕೇಳಿಸಿದೆ. ಅವಳಿಗೆ ಕೇಳಿಸಿದೆ! ಅಳು ಬಂತು, ನಗುವೂ ಬಂತು. ಅಣ್ಣನ ಕೈ ನಿಂತಿತು. ಎಣ್ಣೆ ಬೆರಳಿನಿಂದ ಚಾಪೆಗೆ ಇಳಿಯಿತು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿ, ಎಡಗಿವಿ ಮುಂದೆ ತಂದ.

"ಈ ಕಿವ್ಯಾಗ ಹೇಳು," ಎಂದ.

ಹೇಳಿದೆ. ಲೂನಾ ಸಪ್ಪಳದಿಂದ ಶುರು ಮಾಡಿ ಎಲ್ಲ. ಮುಗಿದ ಮೇಲೆ ಅಣ್ಣ ಎದ್ದು ಹೋದ. ಈಗ ಅಂಗಳದಲ್ಲಿ ಬೆನ್ನು ಮಾಡಿ ಕುಳಿತಿದ್ದಾನೆ. ಊಟಕ್ಕೆ ಮೂರು ಸಲ ಕರೆದೆ, ಎಡಗಡೆ ನಿಂತೇ ಕರೆದೆ. ಸಮತಾ ಚಾರ್ಜರ್ ವೈರು ಒಯ್ದು ಅವನ ಕೈಗೆ ಕೊಟ್ಟು ಬಂದಿದ್ದಾಳೆ. ಯಾಕೆ ಕೊಟ್ಟೆ ಎಂದರೆ ಹೇಳುತ್ತಿಲ್ಲ. ಅವನು ಎದ್ದ. ಒಳಗೆ ಬರುತ್ತಿದ್ದಾನೆ, ವೈರು ಕೈಯಲ್ಲೇ ಇದೆ.